ಪಿಕ್ಸೆಲ್ ಆರ್ಟ್ ಕಲಿಯುವವರಿಗೆ: ಯಾವ ಪ್ಯಾಲೆಟ್, ಎಂಥ ಶೇಡಿಂಗ್?

ಪುಟ್ಟ ಚೌಕಗಳನ್ನು ಒಂದೊಂದಾಗಿ ತುಂಬಿ ಚಿತ್ರ ಬಿಡಿಸುವ ಪಿಕ್ಸೆಲ್ ಆರ್ಟ್ ಕಲಿಯಲು ಕೂತವರು ಬೇಗ ಸಿಕ್ಕಿಹಾಕಿಕೊಳ್ಳುವುದು ಆಕಾರದಲ್ಲಲ್ಲ, ಬಣ್ಣದಲ್ಲಿ. ಗೆರೆ ಎಳೆದಾಗ ಆಟೋ ಆಟೋನೇ ಅನ್ನಿಸುತ್ತದೆ. ಬಣ್ಣ ತುಂಬಿ ನೆರಳು ಹಾಕಿದ ಕೂಡಲೇ ಹಳದಿ ಕೊಳಕಾಗುತ್ತದೆ, ಡ್ರೈವರ್ ಮುಖ ಊದಿಕೊಳ್ಳುತ್ತದೆ, ಹಿಂದಿನ ಮರ ಎದ್ದು ಮುಂದೆ ಬರುತ್ತದೆ. ಆಮೇಲೆ ಸಲಹೆಗಳ ಹುಡುಕಾಟ. ಒಬ್ಬರು 16 ಬಣ್ಣ ಸಾಕು ಅನ್ನುತ್ತಾರೆ. ಇನ್ನೊಬ್ಬರು 32 ಇಲ್ಲದೆ ಆಗುವುದಿಲ್ಲ ಅನ್ನುತ್ತಾರೆ. ಮತ್ತೊಬ್ಬರು ರೆಡಿಮೇಡ್ ಪ್ಯಾಲೆಟ್ (ಬೇರೆಯವರು ಆರಿಸಿಟ್ಟ ಬಣ್ಣಗಳ ಗುಂಪು) ಮುಟ್ಟಲೇಬೇಡಿ, ಸ್ವಂತದ್ದು ಮಾಡಿಕೊಳ್ಳಿ ಅನ್ನುತ್ತಾರೆ. ಮೂವರ ಮಾತೂ ಸರಿಯೇ. ಯಾರಿಗೆ, ಯಾವಾಗ ಅನ್ನುವುದನ್ನು ಮಾತ್ರ ಹೇಳಿರುವುದಿಲ್ಲ.

ಇಲ್ಲಿ ಎಲ್ಲ ಆಯ್ಕೆಗಳನ್ನೂ ಒಂದೇ ಚಿತ್ರಕ್ಕೆ ಹಾಕಿ ನೋಡೋಣ. ಬೆಂಗಳೂರಿನ ಆಟೋ, 32 ಪಿಕ್ಸೆಲ್ ಅಗಲ, 32 ಎತ್ತರ. ಮೇಲೆ ಹಳದಿ, ಕೆಳಗೆ ಹಸಿರು, ಒಳಗೆ ಖಾಕಿ ಅಂಗಿಯ ಡ್ರೈವರ್. ಇದನ್ನೇ ಆರಿಸಲು ಕಾರಣವಿದೆ. ನೆರಳು ಹಾಕಲು ಹಳದಿಯಷ್ಟು ಕಾಡುವ ಬಣ್ಣ ಇನ್ನೊಂದಿಲ್ಲ, ಅದರ ಪಕ್ಕದಲ್ಲೇ ಹಸಿರು ಬಂದರೆ ಇನ್ನೂ ಕಷ್ಟ. ಬೇಕಾದ ಕಡೆ ಕಬ್ಬನ್ ಪಾರ್ಕಿನ ಗುಲಾಬಿ ಟಬೆಬುಯಾ ಮರವನ್ನೂ ವಿಧಾನಸೌಧದ ಕಲ್ಲನ್ನೂ ಕರೆದುಕೊಳ್ಳೋಣ.

ಏನನ್ನು ನೋಡಿ ಅಳೆಯಬೇಕು

ಮೊದಲು, ಚಿಕ್ಕದಾಗಿ ನೋಡಿದಾಗಲೂ ಗುರುತು ಸಿಗಬೇಕು. ನಾವು ಬಿಡಿಸುವಾಗ ಎಂಟು ಪಟ್ಟು, ಹತ್ತು ಪಟ್ಟು ಜೂಮ್ ಮಾಡಿಕೊಂಡು ಕೂತಿರುತ್ತೇವೆ. ಆಗ ಪ್ರತಿ ಚೌಕವೂ ದೊಡ್ಡ ವಿಷಯ. ನೋಡುವವರಿಗೆ ಅದು ಉಗುರಿನಷ್ಟು. ಅಲ್ಲಿ ನೀವು ಆರು ಬಗೆಯ ಹಸಿರು ಹಾಕಿದ್ದೀರೋ ಎರಡೋ ಗೊತ್ತೇ ಆಗುವುದಿಲ್ಲ. ಹಳದಿ ಹುಡ್ ಎಲ್ಲಿ ಮುಗಿಯಿತು, ಹಸಿರು ಬಾಡಿ ಎಲ್ಲಿ ಶುರುವಾಯಿತು ಅನ್ನುವುದು ಗೊತ್ತಾಗಬೇಕು, ಅಷ್ಟೇ.

ಎರಡನೆಯದು ಬೂದು ಪರೀಕ್ಷೆ. ಚಿತ್ರದ ಬಣ್ಣವನ್ನೆಲ್ಲ ತೆಗೆದು ಕಪ್ಪು ಬಿಳುಪು ಮಾಡಿದರೂ ಆಟೋ ಕಾಣಬೇಕು. ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಮುಖ್ಯ. ಬಣ್ಣ ತಪ್ಪಿದರೂ ಬೆಳಕಿನ ಲೆಕ್ಕ ಸರಿಯಿದ್ದರೆ ಚಿತ್ರ ನಿಲ್ಲುತ್ತದೆ. ಬೆಳಕಿನ ಲೆಕ್ಕ ತಪ್ಪಿದರೆ ಎಷ್ಟು ಚೆಂದದ ಬಣ್ಣ ಹಾಕಿದರೂ ಮೇಲೇಳುವುದಿಲ್ಲ.

ಇಲ್ಲೊಂದು ಮೋಸವಿದೆ. ಹೆಚ್ಚಿನ ಸಾಫ್ಟ್‌ವೇರ್‌ಗಳಲ್ಲಿ ಹ್ಯೂ (ಯಾವ ಬಣ್ಣ), ಸ್ಯಾಚುರೇಷನ್ (ಬಣ್ಣ ಎಷ್ಟು ಗಾಢ), ವ್ಯಾಲ್ಯೂ ಅಂತ ಮೂರು ಸ್ಲೈಡರ್ ಇರುತ್ತವೆ. ವ್ಯಾಲ್ಯೂ ಅಂದರೆ ಬೆಳಕು ಅಂತ ನಾವು ನಂಬುತ್ತೇವೆ. ಆದರೆ ಅಪ್ಪಟ ಹಳದಿಗೂ ವ್ಯಾಲ್ಯೂ 100, ಅಪ್ಪಟ ನೀಲಿಗೂ 100. ಕಣ್ಣಿಗೆ ಎರಡೂ ಒಂದೇನಾ? ಖಂಡಿತ ಅಲ್ಲ. ಟಿವಿ ತಂತ್ರಜ್ಞಾನದಿಂದ ಬಂದ ಹಳೆಯ ಸೂತ್ರದ ಪ್ರಕಾರ ಕಣ್ಣಿಗೆ ಕಾಣುವ ಬೆಳಕಿನಲ್ಲಿ ಕೆಂಪಿನ ಪಾಲು 0.299, ಹಸಿರಿನದು 0.587, ನೀಲಿಯದು ಬರೀ 0.114. ಕಪ್ಪು 0, ಬಿಳಿ 255 ಅಂತಿಟ್ಟುಕೊಂಡರೆ ಈ ಲೆಕ್ಕದಲ್ಲಿ ಅಪ್ಪಟ ಹಳದಿ 226 ಬರುತ್ತದೆ, ಅಪ್ಪಟ ನೀಲಿ 29. ಹಾಗಾಗಿ ಬೂದು ಪರೀಕ್ಷೆಗೆ ಸ್ಯಾಚುರೇಷನ್ ಸ್ಲೈಡರ್ ಸೊನ್ನೆಗೆ ಎಳೆಯಬೇಡಿ, ಉತ್ತರ ತಪ್ಪು ಬರಬಹುದು. ಚಿತ್ರದ ಕಾಪಿ ಮಾಡಿ ಗ್ರೇಸ್ಕೇಲ್ ಮೋಡ್‌ಗೆ ಬದಲಿಸಿ. ವಿಧಾನ ಕೇಳಿದರೆ ಲ್ಯೂಮಿನನ್ಸ್ ಆರಿಸಿ.

ಮೂರನೆಯದು ನಿಮ್ಮ ಹತ್ತಿರ ಇರುವ ಸಮಯ. ಸಿಲ್ಕ್ ಬೋರ್ಡ್ ದಾಟಿ ಮನೆ ಸೇರಿ, ಊಟ ಮುಗಿಸಿ ಸಿಗುವ ಅರ್ಧ ಗಂಟೆಯಲ್ಲಿ ಕಲಿಯುವವರು ಮತ್ತು ರಜೆಯಲ್ಲಿ ಇಡೀ ದಿನ ಕೂರಬಲ್ಲ ಕಾಲೇಜು ಹುಡುಗರು ಒಂದೇ ದಾರಿ ಹಿಡಿಯಬೇಕಿಲ್ಲ. ನಾಲ್ಕನೆಯದು, ಚಿತ್ರ ಕೊನೆಗೆ ಎಲ್ಲಿಗೆ ಹೋಗುತ್ತದೆ: ಗೇಮ್‌ಗಾ, ಫೋನಿಗಾ, ಪ್ರಿಂಟಿಗಾ? ಅಲ್ಲಾಡುವ ಚಿತ್ರವಾ, ನಿಂತ ಚಿತ್ರವಾ?

ಇವಿಷ್ಟು ಕೈಯಲ್ಲಿರಲಿ. ಈಗ ಪ್ಯಾಲೆಟ್‌ಗಳು.

ನಾಲ್ಕೇ ಛಾಯೆ

ಕೈಯಲ್ಲಿ ಹಿಡಿದು ಆಡುವ 1989ರ ಗೇಮ್ ಯಂತ್ರ ಗೇಮ್ ಬಾಯ್‌ನ ಪರದೆ 160×144 ಪಿಕ್ಸೆಲ್. ಅದರಲ್ಲಿ ನಾಲ್ಕೇ ಛಾಯೆ. ಅಷ್ಟರಲ್ಲೇ ಕಾಡು, ಗುಹೆ, ಯುದ್ಧ ಎಲ್ಲವನ್ನೂ ತೋರಿಸಿದರು. ಕಲಿಯುವವರಿಗೆ ಇದರ ಲಾಭ ಒಂದೇ, ಆದರೆ ದೊಡ್ಡದು: ಇಲ್ಲಿ ಬೂದು ಪರೀಕ್ಷೆ ಬೇರೆ ಮಾಡಬೇಕಿಲ್ಲ, ಬಿಡಿಸುವುದೇ ಪರೀಕ್ಷೆ.

ಆಟೋಗೆ ಹಾಕಿ ನೋಡಿ. ಹುಡ್‌ಗೆ ಎಲ್ಲಕ್ಕಿಂತ ತಿಳಿಯಾದದ್ದು, ಬಾಡಿಗೆ ಮೂರನೆಯದು, ಚಕ್ರ ಮತ್ತು ಔಟ್‌ಲೈನಿಗೆ ಕಡುವಾದದ್ದು. ಹುಡ್‌ನ ನೆರಳಿಗೆ ಎರಡನೆಯದು. ಸರಿ, ಬಾಡಿಯ ಬೆಳಕಿಗೆ? ಅದಕ್ಕೂ ಎರಡನೆಯದೇ ಗತಿ. ಆಗ ಹುಡ್‌ನ ನೆರಳು ಮತ್ತು ಬಾಡಿಯ ಬೆಳಕು ಕೂಡಿಕೊಂಡು ನಡುವಿನ ಗೆರೆ ಮಾಯ. ಒಂದನ್ನು ಬಿಡಲೇಬೇಕು. ಏನು ಬಿಡಬೇಕು ಅಂತ ಯೋಚಿಸುವ ಅಭ್ಯಾಸ ಇಲ್ಲಿ ಬರುತ್ತದೆ. ಬೇರೆ ಯಾವ ಪ್ಯಾಲೆಟ್ಟೂ ಇದನ್ನು ಇಷ್ಟು ಬೇಗ ಕಲಿಸುವುದಿಲ್ಲ.

ಬಣ್ಣದ ಬಗ್ಗೆ ಮಾತ್ರ ಏನೂ ಕಲಿಸುವುದಿಲ್ಲ. ಎರಡು ಮೂರು ವಾರದಲ್ಲಿ ಬೇಜಾರೂ ಬರುತ್ತದೆ. ದಿನಕ್ಕೆ ಅರ್ಧ ಗಂಟೆ ಸಿಗುವವರು ಶುರು ಮಾಡಲು ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಅಲ್ಲೇ ಮನೆ ಮಾಡಬೇಡಿ, ಅಷ್ಟೇ.

ಹದಿನಾರು: ಪಿಕೋ-8 ಅಥವಾ ಡಿಬಿ16

ಜಾಸ್ತಿ ಜನ ತಡಕಾಡುವುದು ಇಲ್ಲಿ. ಎರಡರಲ್ಲೂ 16 ಬಣ್ಣ, ಎರಡೂ ಪುಕ್ಕಟೆ, ಎರಡಕ್ಕೂ ಅಭಿಮಾನಿಗಳಿದ್ದಾರೆ. ಆದರೆ ಸ್ವಭಾವ ಪೂರ್ತಿ ಬೇರೆ.

ಪಿಕೋ-8 ಅನ್ನುವುದು 128×128 ಪರದೆಯ ಪುಟ್ಟ ಕಾಲ್ಪನಿಕ ಗೇಮ್ ಯಂತ್ರ. ಅದರ ಬಣ್ಣಗಳು ಗಟ್ಟಿಯಾಗಿ ಮಾತಾಡುತ್ತವೆ. ಹಳದಿ, ಕಿತ್ತಳೆ, ಕಂದು ಸಾಲಾಗಿ ಸಿಗುತ್ತವೆ. ಅಂದರೆ ಹುಡ್‌ನ ಬೆಳಕು, ನಡು, ನೆರಳು ಮೂರೂ ತಯಾರು. ಬಾಡಿಗೆ ಅದರ ಕಡು ಹಸಿರು ಒಪ್ಪುತ್ತದೆ, ನೆರಳಿಗೆ ಕಡು ನೀಲಿ. ಹಸಿರಿಗೆ ನೀಲಿ ನೆರಳಾ ಅಂತ ಅನ್ನಿಸಬಹುದು. ಹಾಕಿ ನೋಡಿ, ಕಪ್ಪು ಹಾಕಿದ್ದಕ್ಕಿಂತ ಬಾಡಿ ಉಸಿರಾಡುತ್ತದೆ. ಟಬೆಬುಯಾ ಹೂವಿಗೆ ಬೇಕಾದ ಗುಲಾಬಿ ಇದರಲ್ಲಿದೆ, ಅದರ ನೆರಳಿಗೆ ಕಡು ನೇರಳೆಗೆಂಪೂ ಇದೆ. ವಿಧಾನಸೌಧದ ಕಲ್ಲಿಗೆ ತಿಳಿ ಬೂದು, ನೆರಳಿಗೆ ನೇರಳೆ ಬೆರೆತ ಬೂದು.

ಡಿಬಿ16 ಅನ್ನು ಡಾನ್‌ಬ್ರಿಂಗರ್ ಎಂಬ ಹೆಸರಿನಲ್ಲಿ ಬರೆಯುವ ಕಲಾವಿದ 2011ರಲ್ಲಿ ಕೊಟ್ಟರು. ಇದರ ಬಣ್ಣಗಳು ಮೆತ್ತಗೆ, ಮಣ್ಣಿನ ಕಡೆಗೆ. ಒಂದು ಬಣ್ಣ ಹತ್ತು ಕೆಲಸಕ್ಕೆ ಬರಲಿ ಅನ್ನುವುದೇ ಇದರ ಲೆಕ್ಕಾಚಾರ. ಇದರಲ್ಲೊಂದು ಧೂಳು ಬಣ್ಣದ ಬೂದು ಇದೆ. ಒಂಟಿಯಾಗಿ ನೋಡಿದರೆ ಏನೂ ಅಲ್ಲ. ಅದನ್ನೇ ಡ್ರೈವರ್ ಅಂಗಿಗೆ ಹಾಕಿ, ಪಕ್ಕದಲ್ಲಿ ನೀಲಿ ಬೆರೆತ ಇನ್ನೊಂದು ಬೂದನ್ನು ಸೀಟಿಗೆ ಹಾಕಿ. ಅಂಗಿ ಖಾಕಿಯಾಗುತ್ತದೆ! ಪಕ್ಕದ ಬಣ್ಣ ನಮ್ಮ ಕಣ್ಣನ್ನು ಹೀಗೆ ಎಳೆದಾಡುತ್ತದೆ ಅಂತ ಚಿತ್ರದ ಬಟ್ಟೆ ನೇಯುವ ಪ್ಯಾರಿಸಿನ ಗೋಬ್ಲಾಂ ಕಾರ್ಖಾನೆಯಲ್ಲಿ ಬಣ್ಣ ಹಾಕುವ ವಿಭಾಗ ನೋಡಿಕೊಳ್ಳುತ್ತಿದ್ದ ಶೆವ್ರಲ್ 1839ರಲ್ಲೇ ಬರೆದಿಟ್ಟಿದ್ದರು. ದಾರದ ಬಣ್ಣ ಮಾಸಿದೆ ಎಂಬ ದೂರಿನ ಹಿಂದೆ ಹೋದಾಗ, ತಪ್ಪು ಬಣ್ಣದ್ದಲ್ಲ, ಪಕ್ಕದ ದಾರದ್ದು ಅಂತ ಅವರಿಗೆ ಗೊತ್ತಾಗಿತ್ತು. ಪಿಕ್ಸೆಲ್ ಆರ್ಟಿನಲ್ಲಿ ಈ ಒಂದು ಸಂಗತಿಯಿಂದ ಎಷ್ಟೋ ಬಣ್ಣ ಉಳಿಸಬಹುದು.

ಡಿಬಿ16ರ ಕೊರತೆಯೂ ಸ್ಪಷ್ಟ. ಅದರ ಹಳದಿ ಸ್ವಲ್ಪ ನಿಂಬೆ ಕಡೆಗೆ ವಾಲಿದೆ, ಆಟೋ ಹಳದಿ ಅಲ್ಲ. ಗುಲಾಬಿ ಇಲ್ಲವೇ ಇಲ್ಲ. ಟಬೆಬುಯಾ ಬಿಡಿಸಬೇಕು ಅಂತಿದ್ದರೆ ಇದನ್ನು ಮರೆತುಬಿಡಿ. ಗುಹೆ, ಕಾಡು, ಹಳೆ ಪೇಟೆಯ ಗೋಡೆ, ಮಳೆಗಾಲದ ರಸ್ತೆ ಬೇಕಿದ್ದರೆ ಪಿಕೋ-8ಗಿಂತ ಇದೇ ಮೇಲು. ಪಿಕೋ-8ನಲ್ಲಿ ಮೋಡ ಮುಚ್ಚಿದ ಜುಲೈ ಸಂಜೆ ಬಿಡಿಸಲು ಹೊರಟರೆ ಜಾತ್ರೆಯ ದೀಪ ಹಚ್ಚಿದಂತಾಗುತ್ತದೆ.

ಎರಡರಲ್ಲೂ ಒಂದು ತೊಡಕು ನಮ್ಮವರಿಗೆ ಬೇಗ ಎದುರಾಗುತ್ತದೆ: ಮೈಬಣ್ಣ. ಪಿಕೋ-8ನಲ್ಲಿ ತಿಳಿ ಪೀಚ್ ಒಂದಿದೆ, ಅದನ್ನು ಬಿಟ್ಟರೆ ನೇರವಾಗಿ ಇಟ್ಟಿಗೆ ಕಂದು. ಡಿಬಿ16ರಲ್ಲೂ ತಿಳಿ ಚರ್ಮದ ಒಂದು ಬಣ್ಣ, ಆಮೇಲೆ ಕಡು ಕಂದು. ನಡುವೆ ಇರುವುದು ಕಿತ್ತಳೆ ಮಾತ್ರ. ನಮ್ಮ ಡ್ರೈವರ್ ಮೈಬಣ್ಣ ಸರಿಯಾಗಿ ಆ ನಡುವೆಯೇ ಬೀಳುತ್ತದೆ, ಅಲ್ವಾ? 32×32 ಆಟೋದಲ್ಲಿ ಮುಖಕ್ಕೆ ಸಿಗುವುದು ನಾಲ್ಕೈದು ಪಿಕ್ಸೆಲ್ ಅಗಲ, ಹಾಗಾಗಿ ಕಂದಿನ ಮೇಲೆ ಒಂದೆರಡು ಕಿತ್ತಳೆ ಚೌಕ ಇಟ್ಟು ಸುಧಾರಿಸಬಹುದು. ಮುಖವನ್ನೇ ದೊಡ್ಡದಾಗಿ ಬಿಡಿಸುವವರಿಗೆ ಇದು ಸಾಲದು.

ಮೂವತ್ತೆರಡು

ಮುಖ ಬಿಡಿಸುವವರು ಎಂಡೆಸ್ಗಾ 32 ಅನ್ನುವ 32 ಬಣ್ಣದ ಪ್ಯಾಲೆಟ್ ನೋಡಿ. ಇದರಲ್ಲಿ ತಿಳಿಯಿಂದ ಕಡುವಿಗೆ ನಾಲ್ಕು ಮೆಟ್ಟಿಲಿನ ಮೈಬಣ್ಣ ಸಿಗುತ್ತದೆ. ಗೋಧಿ ಬಣ್ಣದಿಂದ ಕಪ್ಪು ಮೈಬಣ್ಣದವರೆಗೆ ಯಾರನ್ನಾದರೂ ಬಿಡಿಸಬಹುದು. ಆಟೋ ಹಳದಿಗೆ ತಿಳಿ ಹಳದಿ, ಮಾವಿನ ಹಳದಿ, ಕಿತ್ತಳೆ, ಇಟ್ಟಿಗೆ ಕೆಂಪು ಅಂತ ನಾಲ್ಕು ಮೆಟ್ಟಿಲು. ಹಸಿರಿಗೂ ನಾಲ್ಕು, ಅದೂ ಕೆಳಗಿಳಿಯುತ್ತಾ ನೀಲಿ ಕಡೆಗೆ ವಾಲುತ್ತವೆ. ಗುಲಾಬಿ, ನೇರಳೆಗುಲಾಬಿ, ಕಡು ನೇರಳೆ ಇರುವುದರಿಂದ ಟಬೆಬುಯಾ ಕೂಡ ಸಲೀಸು.

ಹಾಗಾದರೆ ಎಲ್ಲರೂ ಇದನ್ನೇ ತಗೊಳ್ಳಬಹುದಲ್ಲ? ತಗೊಳ್ಳಬಹುದು, ಬೆಲೆ ಬೇರೆ ಕಡೆ ತೆರಬೇಕಾಗುತ್ತದೆ. ಮೆಟ್ಟಿಲು ನಾಲ್ಕಿದ್ದರೆ ನಾಲ್ಕನ್ನೂ ಬಳಸುವ ಆಸೆ ಹುಟ್ಟುತ್ತದೆ. ಆರು ಪಿಕ್ಸೆಲ್ ಎತ್ತರದ ಹುಡ್‌ಗೆ ನಾಲ್ಕು ಹಳದಿ ಹಾಕಿದರೆ ಅದು ಪಟ್ಟೆಪಟ್ಟೆ ಬಟ್ಟೆಯಾಗುತ್ತದೆ. ಎರಡನೆಯದಾಗಿ, ಇಲ್ಲಿ ಎಲ್ಲ ಬಣ್ಣವೂ ಚುರುಕು. ಹಿನ್ನೆಲೆಗೂ ಮುನ್ನೆಲೆಗೂ ಅದೇ ಚುರುಕು ಬಣ್ಣ ಹಾಕಿದರೆ ಆಟೋ ಗೋಡೆಯೊಳಗೆ ಸೇರಿಹೋಗುತ್ತದೆ. ಹಿನ್ನೆಲೆಯನ್ನು ಅದರ ನೀಲಿ ಬೆರೆತ ಬೂದು ಸಾಲಿನಲ್ಲೇ ಮುಗಿಸಿದರೆ ಈ ಗೋಳು ತಪ್ಪುತ್ತದೆ.

ನನ್ನ ಸಲಹೆ: 32 ತಗೊಂಡರೂ ಒಂದು ಚಿತ್ರಕ್ಕೆ ಎಂಟೋ ಹತ್ತೋ ಬಣ್ಣವನ್ನು ಮೊದಲೇ ಆರಿಸಿ ಪಕ್ಕಕ್ಕೆ ಇಟ್ಟುಕೊಳ್ಳಿ. ಉಳಿದದ್ದು ಇಲ್ಲವೇ ಇಲ್ಲ ಅಂದುಕೊಳ್ಳಿ. ಗೇಮ್ ಮಾಡುವವರಿಗಂತೂ ಇದು ತುಂಬ ಉಪಯೋಗ. ಪಾತ್ರಗಳಿಗೆ ಒಂದು ಗುಂಪು, ನೆಲಕ್ಕೆ ಒಂದು ಗುಂಪು, ಅಪಾಯದ ವಸ್ತುಗಳಿಗೆ ಮಾತ್ರ ಅಂತ ಒಂದು ಕೆಂಪು.

ಇವೆಲ್ಲ ಲೋಸ್ಪೆಕ್ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಅಲ್ಲಿ ಸಾವಿರಗಟ್ಟಲೆ ಪ್ಯಾಲೆಟ್‌ಗಳಿವೆ. ಒಂದು ಸಂಜೆ ಸುಮ್ನೆ ಅವನ್ನೇ ನೋಡುತ್ತಾ ಕಳೆದುಹೋಗುತ್ತದೆ, ಒಂದು ಪಿಕ್ಸೆಲ್ಲೂ ಬಿಡಿಸಿರುವುದಿಲ್ಲ.

ಸ್ವಂತ ಬಣ್ಣದ ಸಾಲು

ಇದು ನಿಧಾನದ ದಾರಿ. ಬಣ್ಣ ಅರ್ಥವಾಗುವುದು ಮಾತ್ರ ಈ ದಾರಿಯಲ್ಲೇ. ಒಂದು ಬಣ್ಣದ ಬೆಳಕಿನಿಂದ ನೆರಳಿನವರೆಗಿನ ಸಾಲನ್ನು ರ‍್ಯಾಂಪ್ ಅನ್ನುತ್ತಾರೆ. ಅದನ್ನು ನಾವೇ ಕಟ್ಟಬೇಕು.

ಹುಡ್‌ನಿಂದ ಶುರು ಮಾಡೋಣ. ಮೂಲ ಹಳದಿ: ಹ್ಯೂ 48, ಸ್ಯಾಚುರೇಷನ್ 85, ವ್ಯಾಲ್ಯೂ 95. ನೆರಳು ಬೇಕು ಅಂತ ಹೆಚ್ಚಿನವರು ವ್ಯಾಲ್ಯೂ ಒಂದನ್ನೇ 50ಕ್ಕೆ ಇಳಿಸುತ್ತಾರೆ. ಬರುವುದು ಆಲಿವ್ ಕಡೆಗೆ ವಾಲಿದ ಕೊಳಕು ಬಣ್ಣ. ಹುಡ್‌ಗೆ ಗ್ರೀಸ್ ಹತ್ತಿದ ಹಾಗೆ. ಅದರ ಬದಲು ಹ್ಯೂವನ್ನೂ ಸರಿಸಿ. ಮೊದಲ ನೆರಳು: ಹ್ಯೂ 34, ಸ್ಯಾಚುರೇಷನ್ 85, ವ್ಯಾಲ್ಯೂ 75. ಕಡು ನೆರಳು: 22, 75, 50. ಬೆಳಕು ಬಿದ್ದ ಕಡೆ: 54, 50, 100. ಈಗ ಹುಡ್ ಬಿಸಿಲಲ್ಲಿ ನಿಂತಿದೆ. ಮೊದಲಿನದಕ್ಕೂ ಇದಕ್ಕೂ ವ್ಯತ್ಯಾಸ ಎರಡು ಸ್ಲೈಡರ್, ಅಷ್ಟೇ.

ಹಸಿರು ಹೋಗುವ ದಾರಿ ಬೇರೆ. ಮೂಲ 140, 75, 50. ನೆರಳು 165, 75, 33. ಕಡು ನೆರಳು 190, 65, 20. ಬೆಳಕು 110, 60, 65. ಹಳದಿಯ ನೆರಳಿಗೆ ಹ್ಯೂ ಸಂಖ್ಯೆ ಇಳಿಯಿತು, ಹಸಿರಿನ ನೆರಳಿಗೆ ಏರಿತು. ಗೊಂದಲ ಬೇಡ. ಬಿಸಿಲಲ್ಲಿ ಬೆಳಕು ಹಳದಿ ಕಡೆಗೆ, ನೆರಳು ನೀಲಿ ನೇರಳೆ ಕಡೆಗೆ ವಾಲಬೇಕು, ನಿಯಮ ಒಂದೇ. ಹಳದಿ ಅಲ್ಲಿಗೆ ಕಿತ್ತಳೆ, ಕೆಂಪಿನ ಮೇಲೆ ಹಾದು ಹೋಗುತ್ತದೆ. ಹಸಿರು ನೀಲಿಹಸಿರಿನ ಮೇಲೆ ಹೋಗುತ್ತದೆ.

ಈಗ ಎರಡನ್ನೂ ಆಟೋಗೆ ಹಾಕಿ ಬೂದು ಪರೀಕ್ಷೆ ಮಾಡಿ. ಬಣ್ಣದಲ್ಲಿ ಚೆಂದ ಕಾಣುತ್ತಿದ್ದ ಚಿತ್ರದಲ್ಲಿ ಹುಡ್‌ನ ಕೆಳಅಂಚು ಮಾಯವಾಗಿರುತ್ತದೆ! ಮೇಲಿನ ಸೂತ್ರ ಹಾಕಿ ನೋಡಿದರೆ ಕಾರಣ ಸಿಗುತ್ತದೆ. ಹಳದಿಯ ಮೊದಲ ನೆರಳು ಸುಮಾರು 131, ಹಸಿರಿನ ಬೆಳಕು ಸುಮಾರು 130. ಎರಡೂ ಒಂದೇ ಬೂದು. ಹುಡ್‌ನ ನೆರಳು ಕೆಳಗೆ ಬರುತ್ತದೆ, ಬಾಡಿಯ ಬೆಳಕು ಮೇಲೆ ಬರುತ್ತದೆ, ಎರಡೂ ಅಂಚಿನಲ್ಲಿ ಸೇರಿ ಒಂದಾಗುತ್ತವೆ.

ಪರಿಹಾರ ಬಣ್ಣ ಬದಲಿಸುವುದಲ್ಲ. ನಿಜವಾದ ಆಟೋ ನೋಡಿ. ಹುಡ್ ಸ್ವಲ್ಪ ಹೊರಗೆ ಚಾಚಿರುತ್ತದೆ, ಅದರ ಕೆಳಗೆ ಬಾಡಿಯ ಮೇಲೆ ನೆರಳು ಬೀಳುತ್ತದೆ. ಅಂದರೆ ಅಂಚಿನ ಕೆಳಗಿನ ಒಂದು ಸಾಲು ಪಿಕ್ಸೆಲ್ ಕಡು ಹಸಿರಾಗಬೇಕು. ಹಸಿರಿನ ಬೆಳಕು ಅದಕ್ಕಿಂತ ಎರಡು ಸಾಲು ಕೆಳಗೆ, ಮಡ್‌ಗಾರ್ಡ್ ಉಬ್ಬಿನ ಮೇಲೆ ಬರಲಿ. ಒಂದೇ ಸಾಲು ಬದಲಾದರೆ ಸಾಕು, ಆಟೋ ಎದ್ದು ನಿಲ್ಲುತ್ತದೆ.

ರೆಡಿಮೇಡ್ ಪ್ಯಾಲೆಟ್‌ನಲ್ಲೂ ಈ ತೊಂದರೆ ಬರುತ್ತದೆ, ಆದರೆ ಅಲ್ಲಿ ಪ್ಯಾಲೆಟ್ ಸರಿಯಿಲ್ಲ ಅಂತ ಬೈದು ಇನ್ನೊಂದು ಹುಡುಕುತ್ತೇವೆ. ಸ್ವಂತ ಸಾಲು ಕಟ್ಟಿದವರು ಸ್ಲೈಡರ್ ಕಡೆ ನೋಡುತ್ತಾರೆ. ಇದರ ಖರ್ಚು ಸಮಯ. ಮೊದಮೊದಲು ಒಂದು ಸಾಲಿಗೇ ಇಡೀ ಸಂಜೆ ಹೋಗಬಹುದು. ಗೇಮ್ ಜಾಮ್‌ಗೆ (ಕೆಲವೇ ದಿನದಲ್ಲಿ ಗೇಮ್ ಮಾಡಿ ಮುಗಿಸುವ ಕೂಟ) ಶನಿವಾರ ಭಾನುವಾರದಲ್ಲಿ ಮುಗಿಸಬೇಕಾದ ಕೆಲಸಕ್ಕೆ ಈ ದಾರಿ ಹಿಡಿಯಬೇಡಿ.

ಫೋಟೋದಿಂದ ಬಣ್ಣ ಎತ್ತುವುದನ್ನೂ ಕೆಲವರು ಕೇಳುತ್ತಾರೆ. ಆಟೋ ಫೋಟೋ ತೆಗೆದು ಐಡ್ರಾಪರ್ ಒತ್ತಿದರೆ ಮುಗಿಯಿತಲ್ಲ ಅಂತ. ಮುಗಿಯುವುದಿಲ್ಲ. ಫೋಟೋದಲ್ಲಿ ಪಕ್ಕಪಕ್ಕದ ಚೌಕಗಳೇ ಬೇರೆಬೇರೆ ಬಣ್ಣ, ಜೆಪೆಗ್ ಕುಗ್ಗಿಸುವಾಗ ಬಣ್ಣ ಇನ್ನಷ್ಟು ಕಲಸಿರುತ್ತದೆ. ಎತ್ತಿದ ಬಣ್ಣ ಅಂದುಕೊಂಡದ್ದಕ್ಕಿಂತ ಮಂಕು. ನೆರಳು ಯಾವ ಕಡೆಗೆ ವಾಲಿದೆ ಅಂತ ತಿಳಿಯಲು ಫೋಟೋ ನೋಡಿ, ಬಣ್ಣವನ್ನು ನೀವೇ ಮಾಡಿ.

ನೆರಳು ಹಾಕುವ ಬಗೆಗಳು

ಏಪ್ರಿಲ್ 24ರ ಆಸುಪಾಸು, ಮತ್ತೆ ಆಗಸ್ಟ್ 18ರ ಆಸುಪಾಸು, ಬೆಂಗಳೂರಿನಲ್ಲಿ ಮಧ್ಯಾಹ್ನ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ನೆಟ್ಟಗೆ ನಿಂತ ಕಂಬಕ್ಕೆ ಆಗ ನೆರಳೇ ಇರುವುದಿಲ್ಲ. ಶೂನ್ಯ ನೆರಳಿನ ದಿನ ಅಂತ ಮಕ್ಕಳನ್ನು ಕರೆದು ತೋರಿಸುತ್ತಾರೆ. ಕಲಿಯುವವರ ಚಿತ್ರಗಳಲ್ಲಿ ಇದಕ್ಕಿಂತ ವಿಚಿತ್ರ ಬೆಳಕು ಇರುತ್ತದೆ: ನಡುವೆ ತಿಳಿ, ಸುತ್ತ ಅಂಚಿಗೆಲ್ಲ ಕಡು. ಬೆಳಕು ಎಲ್ಲಿಂದಲೂ ಬಂದಿಲ್ಲ. ಇದನ್ನೇ ಪಿಲ್ಲೋ ಶೇಡಿಂಗ್ ಅನ್ನುವುದು. ಇದು ಆಯ್ಕೆಯಲ್ಲ, ಬಿಡಬೇಕಾದ ಚಟ. ಮೊದಲ ಪಿಕ್ಸೆಲ್ ಇಡುವ ಮೊದಲೇ ಕ್ಯಾನ್ವಾಸಿನ ಎಡಮೂಲೆಯಲ್ಲಿ ಒಂದು ಹಳದಿ ಚುಕ್ಕಿ ಇಡಿ. ಸೂರ್ಯ ಅಲ್ಲಿದ್ದಾನೆ. ಕೊನೆಯಲ್ಲಿ ಅಳಿಸಿದರಾಯಿತು.

ಉಳಿದದ್ದರಲ್ಲಿ ಎರಡೇ ಛಾಯೆಯ ಶೇಡಿಂಗ್ ಎಲ್ಲಕ್ಕಿಂತ ಅಗ್ಗ. ಒಂದು ಬೆಳಕು, ಒಂದು ನೆರಳು, ನಡುವೆ ಗಟ್ಟಿ ಅಂಚು. 16×16ರ ಚಿತ್ರಗಳಿಗೆ, ಓಡುವ, ನೆಗೆಯುವ ಪಾತ್ರಗಳಿಗೆ ಇದೇ ಸರಿ. ಎಂಟು ಫ್ರೇಮ್‌ನ (ಎಂಟು ಬಿಡಿ ಚಿತ್ರಗಳ) ನಡಿಗೆಯಲ್ಲಿ ಪ್ರತಿ ನೆರಳನ್ನೂ ಎಂಟು ಸಲ ಬಿಡಿಸಬೇಕು ಅನ್ನುವುದು ನೆನಪಿರಲಿ. ಒಂದು ಛಾಯೆ ಹೆಚ್ಚಾದರೆ ಅದನ್ನೂ ಎಂಟು ಸಲ ಬಿಡಿಸಬೇಕು.

ಮೂರು ನಾಲ್ಕು ಛಾಯೆಗೆ ಹೋದರೆ ಉಬ್ಬುತಗ್ಗು ಚೆನ್ನಾಗಿ ಕಾಣುತ್ತದೆ. 32×32 ಮತ್ತು ಅದಕ್ಕಿಂತ ದೊಡ್ಡದಕ್ಕೆ ಇದು ಹಿತ. ಟಬೆಬುಯಾ ಮರ ಇದಕ್ಕೆ ಒಳ್ಳೆ ಅಭ್ಯಾಸ. ಹೂವನ್ನು ಒಂದೊಂದಾಗಿ ಬಿಡಿಸಲು ಹೋಗಬೇಡಿ. ಇಡೀ ಮರದ ತಲೆಯನ್ನು ಒಂದು ಉಂಡೆ ಅಂದುಕೊಂಡು ಎಡಮೇಲೆ ತಿಳಿ ಗುಲಾಬಿ, ಬಲಕೆಳಗೆ ನೇರಳೆಗುಲಾಬಿ ಹಾಕಿ. ಆಮೇಲೆ ಎರಡೂ ಸೇರುವ ಅಂಚನ್ನು ಮಾತ್ರ ಮೂರು ನಾಲ್ಕು ಪಿಕ್ಸೆಲ್‌ನ ಗೊಂಚಲುಗಳಾಗಿ ಒಡೆಯಿರಿ. ಒಂಟಿ ಪಿಕ್ಸೆಲ್ ಚೆಲ್ಲಬೇಡಿ, ಅದು ಹೂವಾಗುವುದಿಲ್ಲ, ಕಸವಾಗುತ್ತದೆ. ನಡುವೆ ಎರಡು ಕಡೆ ಆಕಾಶ ಕಾಣುವಂತೆ ತೂತು ಬಿಟ್ಟರೆ ಮರ ಹಗುರವಾಗುತ್ತದೆ.

ಛಾಯೆ ಜಾಸ್ತಿಯಾದಾಗ ಬರುವ ರೋಗ ಬ್ಯಾಂಡಿಂಗ್. ಒಂದು ಬಣ್ಣದ ಅಂಚಿಗೆ ಸರಿಯಾಗಿ ಅಂಟಿಕೊಂಡು ಇನ್ನೊಂದು ಬಣ್ಣದ ಪಟ್ಟಿ, ಅದಕ್ಕೆ ಅಂಟಿಕೊಂಡು ಮತ್ತೊಂದು. ಚೌಕಗಳ ಮೆಟ್ಟಿಲೆಲ್ಲ ಒಂದೇ ಕಡೆ ಸಾಲಾಗಿ ಬಿದ್ದು ಪಿಕ್ಸೆಲ್‌ಗಳು ದಪ್ಪ ಕಾಣುತ್ತವೆ. ಒಂದು ಪಟ್ಟಿಯನ್ನು ಒಂದು ಕಡೆ ಗಿಡ್ಡ, ಇನ್ನೊಂದು ಕಡೆ ಉದ್ದ ಮಾಡಿ. ಸರಿಹೋಗುತ್ತದೆ.

ಡಿದರಿಂಗ್ ಅಂದರೆ ಎರಡು ಬಣ್ಣವನ್ನು ಚದುರಂಗದ ಮಣೆಯಂತೆ ಬೆರೆಸಿ ಮೂರನೆಯದರ ಭ್ರಮೆ ಹುಟ್ಟಿಸುವುದು. ಹಳೆ ಐಬಿಎಂ ಕಂಪ್ಯೂಟರುಗಳ 1981ರ ಸಿಜಿಎ ಗ್ರಾಫಿಕ್ಸ್‌ನಲ್ಲಿ 320×200 ಪರದೆಗೆ ಒಮ್ಮೆಗೆ ನಾಲ್ಕೇ ಬಣ್ಣ ಸಿಗುತ್ತಿದ್ದವು. ಆಗ ಇದು ಅನಿವಾರ್ಯ. ಹಳೆ ಟಿವಿಗಳು ಆ ಚೌಕಗಳನ್ನು ತಾವೇ ಕಲಸಿ ಮೆತ್ತಗೆ ತೋರಿಸುತ್ತಿದ್ದವು. ಇವತ್ತಿನ ಎಲ್‌ಸಿಡಿ ಒಂದೊಂದು ಚೌಕವನ್ನೂ ಕತ್ತರಿಸಿಟ್ಟಂತೆ ತೋರಿಸುತ್ತದೆ. ಹಾಗಾಗಿ ಈಗ ಇದನ್ನು ಮೇಲ್ಮೈ ಒರಟು ತೋರಿಸಲು ಬಳಸುವುದು ಒಳ್ಳೆಯದು. ವಿಧಾನಸೌಧದ ಗ್ರಾನೈಟ್, ಡಾಂಬರು ರಸ್ತೆ, ಸಂಜೆಯ ದೊಡ್ಡ ಆಕಾಶ. ಆಟೋ ಹುಡ್‌ಗೆ ಬೇಡ, ರೆಕ್ಸಿನ್ ಹೋಗಿ ಗೋಣಿಚೀಲವಾಗುತ್ತದೆ. ಅಲ್ಲಾಡುವ ಚಿತ್ರಕ್ಕಂತೂ ಬೇಡವೇ ಬೇಡ, ಚುಕ್ಕಿಗಳು ಮಿಣಮಿಣ ಅನ್ನುತ್ತವೆ. ವಾಟ್ಸ್ಆ್ಯಪ್‌ನಲ್ಲಿ ಫೋಟೋ ಆಗಿ ಕಳಿಸಿದರೆ ಚುಕ್ಕಿಯೆಲ್ಲ ಕಲಸಿಹೋಗುತ್ತದೆ. ಪಿಎನ್‌ಜಿಯನ್ನು ನಾಲ್ಕೋ ಎಂಟೋ ಪಟ್ಟು ದೊಡ್ಡದು ಮಾಡಿ ಡಾಕ್ಯುಮೆಂಟ್ ಆಗಿ ಕಳಿಸಿ. ದೊಡ್ಡದು ಮಾಡುವಾಗ ಚೌಕಗಳ ಅಂಚು ಕಲಸದ ನಿಯರೆಸ್ಟ್ ನೇಬರ್ ವಿಧಾನ ಆರಿಸಿ, ಎರಡೂವರೆ ಪಟ್ಟಿನಂಥ ಅರೆಬರೆ ಅಳತೆ ಬೇಡ.

ಔಟ್‌ಲೈನ್ ವಿಷಯ ಒಂದೇ ಮಾತು: ಹಿನ್ನೆಲೆ ಏನಿರುತ್ತದೋ ಗೊತ್ತಿಲ್ಲದಿದ್ದರೆ ಸುತ್ತ ಕಪ್ಪು ಗೆರೆ ಸುರಕ್ಷಿತ. ಗೊತ್ತಿದ್ದರೆ ಬೆಳಕಿನ ಕಡೆ ಗೆರೆಗೆ ಆಯಾ ಭಾಗದ ಕಡು ನೆರಳಿನ ಬಣ್ಣ ಹಾಕಿ, ಕಪ್ಪನ್ನು ಕೆಳಗೆ ಚಕ್ರದ ಕಡೆಗೆ ಉಳಿಸಿ.

ದುಡ್ಡಿನ ಲೆಕ್ಕ

ಸಾಫ್ಟ್‌ವೇರ್‌ಗೆ ಒಂದು ರೂಪಾಯಿ ಹಾಕದೆಯೂ ಕಲಿಯಬಹುದು. ಪಿಸ್ಕೆಲ್ ಬ್ರೌಸರ್‌ನಲ್ಲೇ ತೆರೆಯುತ್ತದೆ, ಪಿಕ್ಸೆಲೋರಾಮಾ ಉಚಿತ, ಲಿಬ್ರೆಸ್ಪ್ರೈಟ್ ಕೂಡ ಉಚಿತ. ಏಸ್‌ಪ್ರೈಟ್‌ಗೆ ಸುಮಾರು 20 ಡಾಲರ್. ಅದರ ಸೋರ್ಸ್ ಕೋಡ್ ಬಹಿರಂಗವಾಗಿದೆ, ಕಂಪೈಲ್ ಮಾಡಲು ಬರುವವರು ತಮ್ಮ ಬಳಕೆಗೆ ದುಡ್ಡಿಲ್ಲದೆ ಕಟ್ಟಿಕೊಳ್ಳಬಹುದು. ಈ ಊರಿನಲ್ಲಿ ಅಂಥವರಿಗೆ ಬರವಿಲ್ಲ. ಸ್ವಂತ ಸಾಲು ಕಟ್ಟುವ ದಾರಿ ಹಿಡಿದವರಿಗೆ ಮಾತ್ರ ಏಸ್‌ಪ್ರೈಟ್ ಕೊಳ್ಳಿ ಅಂತ ಹೇಳುತ್ತೇನೆ. ಅದರ ಇಂಡೆಕ್ಸ್ಡ್ ಮೋಡ್‌ನಲ್ಲಿ ಪ್ಯಾಲೆಟ್‌ನ ಒಂದು ಬಣ್ಣ ತಿದ್ದಿದರೆ ಚಿತ್ರದಲ್ಲಿ ಆ ಬಣ್ಣ ಇರುವ ಕಡೆಯೆಲ್ಲ ಬದಲಾಗುತ್ತದೆ. ಅದರ ಶೇಡಿಂಗ್ ಇಂಕ್ ಆರಿಸಿಕೊಂಡು ಉಜ್ಜಿದರೆ ಪಿಕ್ಸೆಲ್ ಸಾಲಿನಲ್ಲಿ ಒಂದು ಮೆಟ್ಟಿಲು ಏರುತ್ತದೆ ಅಥವಾ ಇಳಿಯುತ್ತದೆ. ಉಳಿದವರಿಗೆ ಅವಸರವಿಲ್ಲ.

ದುಡ್ಡಿದ್ದರೆ ಮೊದಲು ಪರದೆಗೆ ಹಾಕಿ. ಹಳೆಯ ಅಗ್ಗದ ಲ್ಯಾಪ್‌ಟಾಪ್‌ಗಳ ಟಿಎನ್ ಪರದೆಯಲ್ಲಿ ತಲೆ ಸ್ವಲ್ಪ ಮೇಲೆತ್ತಿದರೂ ಬಣ್ಣ ಬದಲಾಗುತ್ತದೆ. ಕಡು ಹಸಿರು ಯಾವುದು, ಕಪ್ಪು ಯಾವುದು ಗೊತ್ತಾಗದೆ ಪ್ಯಾಲೆಟ್ ಬದಲಿಸುತ್ತಾ ಕೂರುತ್ತೀರಿ. ಎಸ್‌ಪಿ ರೋಡಿನಲ್ಲಿ ಪಕ್ಕದಿಂದ ನೋಡಿದರೂ ಬಣ್ಣ ಅಷ್ಟಾಗಿ ಬದಲಾಗದ ಹಳೇ ಐಪಿಎಸ್ ಮಾನಿಟರ್ ಕೇಳಿ. ಕೊಳ್ಳುವ ಮೊದಲು ಆನ್ ಮಾಡಿಸಿ, ಪಕ್ಕದಿಂದಲೂ ಮೇಲಿನಿಂದಲೂ ನೋಡಿ. ಫೋನಿನಲ್ಲೇ ಬಿಡಿಸುವವರು ವಿವಿಡ್ ಮೋಡ್ ತೆಗೆದು ನ್ಯಾಚುರಲ್ ಇಟ್ಟುಕೊಳ್ಳಿ. ರಾತ್ರಿ ಹಳದಿ ಫಿಲ್ಟರ್ ಹಾಕಿಕೊಂಡು ಬಣ್ಣ ಆರಿಸುವವರನ್ನು ದೇವರೇ ಕಾಪಾಡಬೇಕು.

ಯಾರು ಯಾವುದನ್ನು ಹಿಡಿಯಲಿ

ಈಗಷ್ಟೇ ಶುರು ಮಾಡಿದ್ದೀರಿ, ಸಂಜೆ ಅರ್ಧ ಗಂಟೆ ಸಿಗುತ್ತದೆ ಅಂದರೆ ನಾಲ್ಕು ಛಾಯೆ, ಎರಡು ಛಾಯೆಯ ಶೇಡಿಂಗ್, ಪಿಸ್ಕೆಲ್. ಬೇಜಾರು ಬಂದ ದಿನ ಪಿಕೋ-8ಗೆ ಹಾರಿ. ಆಕಾರ ಬರುತ್ತದೆ, ಬಣ್ಣ ಮಾತ್ರ ಕಾಡುತ್ತದೆ ಅನ್ನುವವರು ಸ್ವಂತ ಸಾಲಿನ ಕಷ್ಟಕ್ಕೆ ಇಳಿಯಿರಿ. ಒಂದು ಹಳದಿ, ಒಂದು ಹಸಿರು ಸಾಕು, ಅದರಲ್ಲೇ ಆಟೋ ಮುಗಿಯುತ್ತದೆ. ಗೇಮ್ ಮಾಡುತ್ತಿರುವವರು, ಅದರಲ್ಲೂ ಇಬ್ಬರು ಮೂವರು ಸೇರಿ ಬಿಡಿಸುತ್ತಿದ್ದರೆ, ಎಂಡೆಸ್ಗಾ 32. ಎಲ್ಲರ ಚಿತ್ರವೂ ಒಂದೇ ಊರಿನದು ಅನ್ನಿಸಲು ಒಂದೇ ಪ್ಯಾಲೆಟ್ ಬೇಕು. ಮಂಕು ಬೆಳಕು, ಮಳೆ, ಹಳೆ ಗೋಡೆ ಇಷ್ಟಪಡುವವರು ಡಿಬಿ16.

ಜನವರಿಯ ಚಿತ್ರಸಂತೆಯಲ್ಲಿ ಸ್ಟಿಕ್ಕರ್, ಪೋಸ್ಟ್‌ಕಾರ್ಡ್ ಮಾರುವ ಯೋಚನೆ ಇರುವವರಿಗೆ ಲೆಕ್ಕವೇ ಬೇರೆ. ಪ್ರಿಂಟ್ ಶಾಯಿ ಪರದೆಯಷ್ಟು ಬೆಳಗುವುದಿಲ್ಲ. ಪಿಕೋ-8ನ ಕಣ್ಣು ಕುಕ್ಕುವ ಹಸಿರು, ಎಂಡೆಸ್ಗಾದ ಮಿಂಚುವ ತಿಳಿನೀಲಿ ಕಾಗದದ ಮೇಲೆ ಮಂಕಾಗುತ್ತವೆ. ಕಡು ಛಾಯೆಗಳು ಒಂದರೊಳಗೊಂದು ಸೇರಿಹೋಗುತ್ತವೆ. ಮೆತ್ತನೆಯ ಡಿಬಿ16 ಪ್ರಿಂಟಿನಲ್ಲಿ ಅಷ್ಟಾಗಿ ಕೆಡುವುದಿಲ್ಲ. ಯಾವುದನ್ನೇ ಆರಿಸಿದರೂ ಬಣ್ಣದ ಚೌಕಗಳನ್ನೆಲ್ಲ ಒಂದು ಹಾಳೆಯಲ್ಲಿ ಪ್ರಿಂಟ್ ಹಾಕಿಸಿ, ಹಗಲು ಬೆಳಕಿನಲ್ಲಿ ನೋಡಿ, ಬೇರೆಯಾಗಿ ಕಾಣದ ಬಣ್ಣಗಳನ್ನು ತೆಗೆದುಹಾಕಿದ ಮೇಲೆಯೇ ಚಿತ್ರಕ್ಕೆ ಕೈಹಾಕಿ.